ಒಂಬತ್ತು ಗಂಟೆಯ ಗೇಟು

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾಯ್ದು ವಯನಾಡಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರಕ್ಕೆ ನಿಷೇಧವಿರುವುದನ್ನು ವಾಚಕರು ಬಲ್ಲರು. ವನ್ಯಮೃಗಗಳ ರಕ್ಷಣೆಗಾಗಿ ಏರ್ಪಟ್ಟ ಈ ನಿಯಮವನ್ನು ಆಕ್ಷೇಪಿಸುವವರು ನಾವಲ್ಲ. ಆದರೆ ಎಂಟೂವರೆಗೆ ಇನ್ನೂ ಪೇಟೆಯನ್ನು ದಾಟದಿರುವ ಲಾರಿಚಾಲಕನ ಅವಸ್ಥೆಯನ್ನು ಊಹಿಸಬೇಕು. ಗೇಟು ಮುಚ್ಚಿತೆಂದರೆ ರಾತ್ರಿಯೆಲ್ಲ ರಸ್ತೆಯಂಚಿನ ವಾಸ. ಹೇರಿದ ತರಕಾರಿ ಬಾಡುವುದು. ಸಾಹುಕಾರರ ಫೋನು ಬೇರೆ. ಎದೆ ಡವಗುಟ್ಟುವುದು, ಉಸಿರು ಗಂಟಲಲ್ಲೇ ಆಡುವುದು, ವೇಗ ತಾನಾಗಿ ಏರುವುದು. ಆನೆ ರಸ್ತೆ ದಾಟುವುದಕ್ಕೂ ಅದೇ ಹೊತ್ತು ಒದಗಬಹುದು.

ಚಾಮರಾಜನಗರದ ಕಚೇರಿಗಳಲ್ಲಿ ಮಾರ್ಚಿಯ ಲೆಕ್ಕ ಮುಗಿಸುವ ಗುಮಾಸ್ತರೂ, ಪ್ರಶ್ನಪತ್ರಿಕೆ ಕೈಗೆ ಬಂದೊಡನೆ ಓದಿದ್ದನ್ನೆಲ್ಲ ಮರೆಯುವ ವಿದ್ಯಾರ್ಥಿಗಳೂ ಇದೇ ಪಂಗಡದವರು.

ಇವರೆಲ್ಲರಿಗೂ ಕಾಸಿನ ಖರ್ಚಿಲ್ಲದ ಉಪಾಯವೊಂದುಂಟು. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತ ತುಸು ಹೆಚ್ಚುವುದು, ಬಿಟ್ಟಾಗ ತಗ್ಗುವುದು. ಆದುದರಿಂದ ನಾಲ್ಕೆಣಿಸುವಷ್ಟು ಹೊತ್ತು ಮೂಗಿನಿಂದ ಎಳೆದುಕೊಂಡು, ಆರೆಣಿಸುವಷ್ಟು ಹೊತ್ತು ಮೆಲ್ಲನೆ ಬಿಡಬೇಕು. ನಿಮಿಷಕ್ಕೆ ಆರು ಉಸಿರಾಗುವುದು. ನಾಲ್ಕೈದು ನಿಮಿಷ ಸಾಕು. ಸಂಧ್ಯಾವಂದನೆಯಲ್ಲಿ ಮೂಗು ಮುಟ್ಟಿ ಕ್ಷಣಾರ್ಧದಲ್ಲಿ ಪ್ರಾಣಾಯಾಮ ತೀರಿಸುವ ನಮ್ಮಂಥವರಿಗೆ ಇದೇ ದೊಡ್ಡ ಸಾಧನೆ! ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ದೀರ್ಘವಾಗಿ ಉಸಿರುಬಿಡುವ ಅಭ್ಯಾಸ ಮಾಡಿದವರ ಮನಸ್ಸು ಧ್ಯಾನ ಮಾಡಿದವರಿಗಿಂತಲೂ ಹೆಚ್ಚು ಹಗುರಾದುದು ಕಂಡುಬಂದಿತು. ನಮಗೆ ಇದು ದೂರದ ವಿದ್ಯೆಯೇನೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗಮಕರಂದ’ವನ್ನು ಬರೆದದ್ದು ಕನ್ನಡದಲ್ಲಿಯೇ. ಉಸಿರನ್ನು ಬಹುಹೊತ್ತು ಬಿಗಿಹಿಡಿಯುವ ಕುಂಭಕವನ್ನು ಮಾತ್ರ ಹೃದ್ರೋಗಿಗಳೂ ರಕ್ತದೊತ್ತಡವುಳ್ಳವರೂ ತಾವಾಗಿ ಮಾಡಕೂಡದು. ವಾರಗಟ್ಟಲೆ ನಿದ್ರೆಗೆಟ್ಟವರು ವೈದ್ಯರನ್ನು ಕಾಣತಕ್ಕದ್ದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿದರೆ ಉಚಿತವಾಗಿ ಸಲಹೆ ದೊರೆಯುವುದು.

ಇನ್ನು ಅಧಿಕಾರಿವರ್ಗಕ್ಕೆ ಒಂದು ಮಾತು. ಹತ್ತು ಜನರ ಕೆಲಸವನ್ನು ಮೂವರ ಮೇಲೆ ಹೇರಿ, ಜೂನ್ 21ರಂದು ಅವರನ್ನೇ ಚಾಪೆಯ ಮೇಲೆ ಕುಳ್ಳಿರಿಸಿ ಶ್ವಾಸದ ಪಾಠ ಹೇಳುವುದು ನ್ಯಾಯವೆನ್ನಿಸದು. ಮೊದಲು ಖಾಲಿ ಹುದ್ದೆಗಳನ್ನು ತುಂಬಲಿ. ಪರೀಕ್ಷಾಮಂದಿರಗಳಲ್ಲಿ ಪತ್ರಿಕೆ ಹಂಚುವುದಕ್ಕೆ ಮುಂಚೆ ಎರಡು ನಿಮಿಷದ ಮೌನಕ್ಕೆ ಅವಕಾಶವಾಗಲಿ. ಗುಂಡ್ಲುಪೇಟೆಯ ಹೊರವಲಯದಲ್ಲಿ ಗೇಟಿನವರೆಗಿನ ದೂರವನ್ನೂ, ಯಾವ ಗಂಟೆಯ ಮೇಲೆ ಹೊರಡುವುದು ವ್ಯರ್ಥವೆಂಬುದನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ, ಉಳಿದುಹೋದ ಚಾಲಕರಿಗೆ ನೀರು, ದೀಪ, ಮಲಗುವ ಜಾಗಗಳನ್ನು ಒದಗಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇವೆ.