ಇಂಗ್ಲಿಷಿನ ತಪ್ಪುಗಳೂ ನಮ್ಮವರ ನಗೆಯೂ

ನೌಕರಿಯ ಸಂದರ್ಶನಕ್ಕೆ ಹೋದ ತರುಣನು ‘ಡಿಸ್ಕಸ್ ಅಬೌಟ್’ ಎಂದೊಡನೆ ಮೇಜಿನ ಆಚೆ ಕುಳಿತವರ ಮುಖದಲ್ಲಿ ನಗೆ ಮೂಡುವದು. ಅವನ ಯೋಗ್ಯತೆಯ ನಿರ್ಣಯವೂ ಅಲ್ಲಿಯೇ ಆಗಿಬಿಡುವದು. ಇದು ನ್ಯಾಯವೆಂದು ನಮಗೆ ತೋರುವದಿಲ್ಲ.

ತಪ್ಪನ್ನು ನಾವು ಸಮರ್ಥಿಸುವದಿಲ್ಲ. ‘ಡಿಸ್ಕಸ್’ ಎಂಬುದು ಸಕರ್ಮಕ ಕ್ರಿಯಾಪದ. ‘ಅಬೌಟ್’ ಅದಕ್ಕೆ ಬೇಡ. ಆದರೆ ಕನ್ನಡಿಗರಾದ ನಾವು ಒಂದು ವಿಷಯದ ‘ಕುರಿತು’ ಚರ್ಚಿಸುವವರು. ಆ ‘ಕುರಿತು’ ಎಂಬುದೇ ಹುಡುಗನ ಇಂಗ್ಲಿಷಿನೊಳಗೆ ನುಸುಳಿದೆ. ಅದು ದಡ್ಡತನವಲ್ಲ, ತಾಯ್ನುಡಿಯ ರೂಢಿ. ಅದೇ ತಾಯ್ನುಡಿಯು ತಿದ್ದಲೂ ಬಲ್ಲದು. ‘ಒನ್ ಆಫ್ ಮೈ ಫ್ರೆಂಡ್’ ಎನ್ನುವವನಿಗೆ ‘ನನ್ನ ಗೆಳೆಯರಲ್ಲೊಬ್ಬ’ ಎಂಬ ಮಾತನ್ನು ನೆನಪಿಸಿದರೆ ಸಾಕು, ಬಹುವಚನವು ಅಲ್ಲಿಯೇ ಇದೆ. ಕನ್ನಡವಾಡಿದ ಮಕ್ಕಳಿಗೆ ದಂಡ ವಿಧಿಸುವ ಶಾಲೆಗಳು ಕೈಯಲ್ಲಿದ್ದ ಈ ಮದ್ದನ್ನು ತಾವೇ ಚೆಲ್ಲಿಕೊಂಡಿವೆ.

ಇನ್ನು ತಿದ್ದುವವರ ಶಾಸ್ತ್ರವಾದರೂ ಎಷ್ಟು ಗಟ್ಟಿಯಾದುದು? ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರುವದು ದೋಷವೆಂದು 1672ರಲ್ಲಿ ಡ್ರೈಡನ್ ಕವಿಯು ಬೆನ್ ಜಾನ್ಸನ್ನನ ಬರಹದಲ್ಲಿ ಎತ್ತಿ ತೋರಿಸಿದನು. 1926ರಲ್ಲಿ ಫೌಲರನು ಆ ಕಟ್ಟಳೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದನು. ನಮ್ಮ ಕೆಲವು ಪಂಡಿತರು ಅದನ್ನಿನ್ನೂ ಮಡಿಯಿಂದ ಪಾಲಿಸುತ್ತಿರುವರು! ‘ಪ್ರಿಪೋನ್’ ಎಂಬ ಶಬ್ದಕ್ಕೆ ಮೂಗು ಮುರಿಯುವವರೂ ಇದ್ದಾರೆ. ಅದು ಆಕ್ಸ್‌ಫರ್ಡ್ ನಿಘಂಟಿನಲ್ಲಿಯೇ ಸೇರಿದೆ.

ಸಂದರ್ಶಕರಲ್ಲಿ ನಮ್ಮದೊಂದು ಬಿನ್ನಹ: ಕೆಲಸವು ಇಂಗ್ಲಿಷ್ ಪತ್ರವ್ಯವಹಾರದ್ದಾದರೆ ಒಂದು ಪತ್ರವನ್ನು ಬರೆಸಿ ನೋಡಲಿ, ಯಂತ್ರದ್ದಾದರೆ ಆ ತರುಣನ ಮುಂದೆ ಯಂತ್ರವನ್ನಿಡಲಿ.