ಗವಾಕ್ಷಗಳ ಅಜ್ಞಾತವಾಸ

ಯುದ್ಧಕಾಲದಲ್ಲಿ ಮನುಷ್ಯನ ಪ್ರಾಣಕ್ಕೇ ಬೆಲೆಯಿಲ್ಲದಿರುವಾಗ ಗಾಜಿನ ಚೂರುಗಳ ಚಿಂತೆಯೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಫ್ರಾನ್ಸ್ ದೇಶದ ಶಾರ್ತ್ರ್ ನಗರದ ಪ್ರಾಚೀನ ಚರ್ಚಿನ ಕಥೆಯನ್ನು ಅರಿತವರಿಗೆ ಬೇರೊಂದು ಉತ್ತರ ಹೊಳೆಯದಿರದು.

ಆ ಚರ್ಚಿನ ವರ್ಣಗಾಜಿನ ಗವಾಕ್ಷಗಳಲ್ಲಿ ಬಹುಪಾಲು 12 ಮತ್ತು 13ನೆಯ ಶತಮಾನಗಳಿಗೆ ಸೇರಿದವು. ಬಣ್ಣಬಣ್ಣದ ಗಾಜಿನ ತುಣುಕುಗಳನ್ನು ಸೀಸದ ಪಟ್ಟಿಗಳಿಂದ ಬೆಸೆದು ರಚಿಸಿದ ಆ ಚಿತ್ರಗಳಲ್ಲಿ ಬೈಬಲಿನ ಕಥೆಗಳಿವೆ, ಸಂತರ ಚರಿತ್ರೆಗಳಿವೆ. ಅವುಗಳೊಡನೆ ರೊಟ್ಟಿ ಮಾಡುವವರು, ಪಾದರಕ್ಷೆ ಹೊಲಿಯುವವರು, ಬಡಗಿಗಳು ಮೊದಲಾದ ಶ್ರಮಜೀವಿಗಳೂ ಸ್ಥಾನ ಪಡೆದಿದ್ದಾರೆ. ಅಕ್ಷರವನ್ನರಿಯದವನೂ ಓದಬಹುದಾದ ಗ್ರಂಥವದು.

ಮೊದಲನೆಯ ಮಹಾಯುದ್ಧದಲ್ಲಿ, 1914ರ ಸೆಪ್ಟೆಂಬರ್ ತಿಂಗಳಲ್ಲಿ, ರೀಮ್ಸ್ ನಗರದ ಮಹಾಚರ್ಚು ಫಿರಂಗಿ ದಾಳಿಗೆ ಸಿಕ್ಕಿ ಹೊತ್ತಿ ಉರಿಯಿತು. ಅದರ ಹಳೆಯ ಗಾಜಿನ ಎಷ್ಟೋ ಭಾಗ ಆ ಯುದ್ಧದಲ್ಲಿ ನಾಶವಾಯಿತು. 1918ರಲ್ಲಿ ಶಾರ್ತ್ರ್ ಚರ್ಚಿನ ಗವಾಕ್ಷಗಳನ್ನೂ ಬಿಚ್ಚಿ ಇಳಿಸಬೇಕಾಯಿತು. ಮತ್ತೊಂದು ಯುದ್ಧದ ಕಾರ್ಮೋಡ ಕವಿಯತೊಡಗಿದಾಗ, ಅಪಾಯ ಬಂದೊಡನೆ ಗಾಜನ್ನು ಇಳಿಸುವ ಬಗೆಯನ್ನು ಮುಂಚಿತವಾಗಿಯೇ ಯೋಜಿಸಲಾಯಿತು. ಅಂತೆಯೇ 1939ರಲ್ಲಿ 2,000 ಚದರ ಮೀಟರಿಗೂ ಮಿಗಿಲಾದ ಗಾಜು ಫಲಕ ಫಲಕವಾಗಿ ಇಳಿದು ಪೆಟ್ಟಿಗೆಗಳನ್ನು ಸೇರಿತು. ಮೊದಲು ಚರ್ಚಿನ ನೆಲಮಾಳಿಗೆಯಲ್ಲಿ, ಬಳಿಕ ದೂರದ ದೋರ್ದೋನ್ ಪ್ರಾಂತದ ಭೂಗರ್ಭದಲ್ಲಿ ಅದನ್ನು ಇರಿಸಿದರು. ಯುದ್ಧಾನಂತರ ಗವಾಕ್ಷಗಳು ಮತ್ತೆ ತಮ್ಮ ನೆಲೆಗೆ ಮರಳಿದವು.

ಈ ಶ್ರಮವನ್ನು ಮನುಷ್ಯಪ್ರಾಣದ ಉಪೇಕ್ಷೆಯೆಂದು ಬಗೆಯುವುದು ತಪ್ಪು. ಯುದ್ಧವು ಜನರನ್ನು ಕೊಲ್ಲುವುದಷ್ಟೇ ಅಲ್ಲ, ಅವರ ನೆನಪುಗಳನ್ನೂ ಅಳಿಸುತ್ತದೆ. ಅಂದು ಗಾಜನ್ನು ಇಳಿಸಿದ ಕೈಗಳು ಒಂದು ನಂಬಿಕೆಯಿಂದ ದುಡಿದವು: ಶಾಂತಿ ಮರಳಿ ಬರುವುದು, ಈ ಬಣ್ಣಗಳನ್ನು ನೋಡುವ ಕಣ್ಣುಗಳು ಆಗಲೂ ಇರುವುವು. ಇನ್ನೂ ಹುಟ್ಟದವರ ಪಾಲನ್ನು ಕಾಯುವುದೂ ಮಾನವಸೇವೆಯೇ. ಕಳೆದುಕೊಂಡ ಮೇಲೆ ಸುರಿಸುವ ಕಣ್ಣೀರಿಗಿಂತ ಮುಂದಾಲೋಚನೆಯ ಒಂದು ದಿನದ ದುಡಿಮೆ ಮೇಲು.

ಆದರೆ ಮುಚ್ಚಿಡುವುದೊಂದೇ ರಕ್ಷಣೆಯಲ್ಲ. ಅದೇ ದೇಶದ ಸ್ಟ್ರಾಸ್‌ಬರ್ಗ್ ನಗರದ ಚರ್ಚಿನ ಗಾಜನ್ನು ಜರ್ಮನರು ತಮ್ಮ ಹೈಲ್‌ಬ್ರಾನ್ ಊರಿನ ಉಪ್ಪಿನ ಗಣಿಗೆ ಸಾಗಿಸಿದ್ದರು. ಅಲ್ಲಿ ಅದು ಒಡೆಯದೆ ಉಳಿಯಿತು, ನಿಜ. ಆದರೂ 1945ರಲ್ಲಿ ಅಮೆರಿಕನ್ನರು ಅದನ್ನು ಸ್ಟ್ರಾಸ್‌ಬರ್ಗಿಗೆ ಮರಳಿಸಿದಾಗಲೇ ನ್ಯಾಯ ಸಂದಿತು. ಒಬ್ಬರ ಸೊತ್ತನ್ನು ಕಾಪಾಡಿದವನು ಅದನ್ನು ಹಿಂದಿರುಗಿಸದಿದ್ದರೆ ಅವನಿಗೂ ಅಪಹರಿಸಿದವನಿಗೂ ಭೇದವೇನು?

ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿದರು. ಇಲ್ಲಿಯಾದರೋ ಆಯುಧಗಳಿಗೆ ಅಂಜಿ ಕಲೆಯೇ ಅಡಗಬೇಕಾಯಿತು. ಕತ್ತಲೆಯ ಪೆಟ್ಟಿಗೆಯಲ್ಲಿ ಎಲ್ಲ ಗಾಜೂ ಕಪ್ಪೇ. ಅದು ತನ್ನ ಗೋಡೆಯನ್ನು ಸೇರಿ, ಬಿಸಿಲು ಅದರ ಮೂಲಕ ಹಾಯ್ದು, ನೆಲದ ಮೇಲೆ ಬಣ್ಣ ಚೆಲ್ಲಿದಾಗಲೇ ರಕ್ಷಿಸಿದವರ ಕೆಲಸ ಪೂರ್ಣಗೊಳ್ಳುತ್ತದೆ.