ಪಿಚ್ಚರ್ ಶುರುವಾಗೋಕೆ ಇನ್ನೂ ಒಂಬತ್ತು ದಿನ!

ಟೆಂಟ್ ಸಿನಿಮಾ ನೋಡಿ ಬೆಳೆದ ಹಳಬರನ್ನು ಕೇಳಿ ನೋಡಿ. ಪಿಚ್ಚರಿಗಿಂತ ಅದಕ್ಕೆ ಮುಂಚಿನ ಅರ್ಧ ಗಂಟೆಯೇ ಮಜಾ ಅಂತಾರೆ. ಮೈಕಿನಲ್ಲಿ ಘಂಟಸಾಲರು ವೆಂಕಟೇಶನನ್ನು ಕರೆಯೋಕೆ ಹತ್ತಿದರೆಂದರೆ ಟಿಕೆಟ್ ಕೊಡ್ತಿದ್ದಾರೆ ಅಂತ ಅರ್ಥ. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡೋರು! ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಮೊದಲು ಸ್ಲೈಡು, ಆಮೇಲೆ ನ್ಯೂಸ್ ರೀಲು... ಬಿಳೀ ಪರದೆಯ ಮೇಲೆ ಕಥೆ ಇನ್ನೂ ಬಂದಿಲ್ಲ. ಆದರೆ ಕೂತ ಪ್ರತಿಯೊಬ್ಬನ ತಲೆಯೊಳಗೂ ಆಗಲೇ ಒಂದೊಂದು ಪಿಚ್ಚರ್ ಓಡ್ತಿರುತ್ತೆ.

ನಮ್ಮ ಮಾರ್ಟಳ್ಳಿ ಬಸ್ ಸ್ಟಾಪಿನ ಟೀ ಅಂಗಡಿ ಬೆಂಚಿನ ಮೇಲೆ ಈಗ ಮೂವರು ಹುಡುಗರು ಹಾಗೇ ಕೂತಿದ್ದಾರೆ. ನವೆಂಬರ್ 1ರಂದು ಕಾದಂಬರಿ ಶುರು ಮಾಡ್ತಾರಂತೆ. ಮೂವತ್ತು ದಿನಕ್ಕೆ 50,000 ಪದ! ದಿನಕ್ಕೆ 1,667 ಬಿತ್ತು. ನನ್ನ ಕೈಬರಹದಲ್ಲಾದರೆ ಹನ್ನೊಂದು ಪುಟ. ಪ್ರೈಜ್ ಇಲ್ಲ, ಹಾರ ಇಲ್ಲ, ಮುಗಿಸಿದವನೇ ಗೆದ್ದವನು. ಒಂದೇ ಕಟ್ಟುನಿಟ್ಟು: ಆ ತಾರೀಕಿಗೆ ಮುಂಚೆ ಕಾದಂಬರಿಯ ಒಂದು ವಾಕ್ಯವನ್ನೂ ಬರೆಯೋ ಹಾಗಿಲ್ಲ. ಟಿಪ್ಪಣಿ ಬೇಕಾದರೆ ಮಾಡಿಕೊಳ್ಳಬಹುದು.

ಈ ಹುಚ್ಚು ಹುಟ್ಟಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ. 1999ರ ಜುಲೈನಲ್ಲಿ ಕ್ರಿಸ್ ಬೇಟಿ ಅನ್ನೋನು ಸ್ನೇಹಿತರನ್ನು ಕೂಡಿಸಿಕೊಂಡ. ಒಟ್ಟು 21 ಜನ. ಮರುವರ್ಷದಿಂದ ನವೆಂಬರ್‌ಗೆ ಹಾಕಿದರು. ಅವರ ಕಡೆ ಆಗ ಹವಾ ಕೆಟ್ಟಿರುತ್ತೆ, ಹೊರಗೆ ಹೋಗೋಕಾಗಲ್ಲ, ಮನೇಲಿ ಕೂತು ಬರೀಲಿ ಅಂತ. ಮುಂದೆ ಲಕ್ಷಗಟ್ಟಲೆ ಜನ ಸೇರಿದರು. 2025ರಲ್ಲಿ ಆ ಸಂಸ್ಥೆಯೇ ಬಾಗಿಲು ಹಾಕ್ತೀವಿ ಅಂತ ಹೇಳಿಬಿಟ್ಟಿತು. ಆದರೇನಂತೆ? ಪೆನ್ನು ಹಿಡಿಯೋನಿಗೆ ಕಂಪನಿ ಯಾಕೆ!

ಇನ್ನು ನವೆಂಬರ್ 1 ಅಂದರೆ ನಮಗೆ ಅಮೆರಿಕದವರು ಕೊಟ್ಟ ತಾರೀಕಲ್ಲ ಗುರುಗಳೇ. ರಾಜ್ಯೋತ್ಸವ ಅಂತ ನೀವೆಲ್ಲ ಬಾವುಟ ಹಾರಿಸ್ತೀರಿ, ಸರಿ. ನಮ್ಮ ಸೀಮೆಗೆ ಇನ್ನೂ ಒಂದು ಲೆಕ್ಕ ಇದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಇದ್ದದ್ದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ! ಆ ದಿನ ಮೈಸೂರಿಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯ್ತು, ಈಗ ಹನೂರು ತಾಲ್ಲೂಕು. ಮನೆ ಅಲ್ಲೇ, ಒಲೆ ಅಲ್ಲೇ, ವಿಳಾಸ ಮಾತ್ರ ಮೂರು ಜಿಲ್ಲೆ ಸುತ್ತಿತು. ಅಣ್ಣಾವ್ರ ತಂದೆ ಪುಟ್ಟಸ್ವಾಮಯ್ಯನವರ ಸಿಂಗಾನಲ್ಲೂರು ಈ ಕಡೆ ಬಂತು, ಅಣ್ಣಾವ್ರು ಹುಟ್ಟಿದ ಗಾಜನೂರು ಆ ಕಡೆಯೇ ಉಳಿಯಿತು. ನಮ್ಮೂರಲ್ಲಿ ಇವತ್ತಿಗೂ ಮನೆಮಾತು ತಮಿಳಿನವರೇ ಬಹಳ. ಕನ್ನಡ ಕಲಿತದ್ದು ಅರ್ಧ ಸ್ಕೂಲಿನಲ್ಲಿ, ಇನ್ನರ್ಧ ಸಿನಿಮಾದಲ್ಲಿ. ನನ್ನದೂ ಅದೇ ಕಥೆ ಅನ್ನಿ.

ಇರಲಿ, ಹುಡುಗರ ವಿಷಯಕ್ಕೆ ಬರೋಣ. ಒಂಬತ್ತು ದಿನ ಹೇಗೆ ಕಳೀತಿದ್ದಾರೆ ಅಂತೀರಿ?

ಮೊದಲನೆಯವನು ಹೀರೋ ಹುಡುಕ್ತಿದ್ದಾನೆ. ಕಾದಂಬರಿಗಲ್ಲ ಸ್ವಾಮೀ, ಅದರ ಸಿನಿಮಾಕ್ಕೆ! ಮೊದಲ ಪುಟ ಇಲ್ಲ, ಆಗಲೇ ಕಾಲ್‌ಷೀಟ್ ಪ್ರಾಬ್ಲಂ. ತ.ರಾ.ಸು. ಮೂರು ಕಾದಂಬರಿ ಬರೆದಿಟ್ಟಿದ್ದರು ಕಣೋ, 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಆಮೇಲೆ 1972ರಲ್ಲಿ ಪುಟ್ಟಣ್ಣ ಮೂರನ್ನೂ ಸೇರಿಸಿ ಒಂದು ಪಿಚ್ಚರ್ ಮಾಡಿದರು, ವಿಷ್ಣುವರ್ಧನ್ ಅನ್ನೋ ಹೀರೋ ಸಿಕ್ಕ. ಹೀರೋ ಸಿಕ್ಕಲಿ ಅಂತ ತ.ರಾ.ಸು. ಕಾದು ಕೂತಿರಲಿಲ್ಲ ಅಂದೆ. ಮುಖ ಸಣ್ಣ ಮಾಡಿಕೊಂಡ. ತ್ರಿವೇಣಿಯವರ ವಿಷಯವನ್ನೂ ಹೇಳಿದೆ. 1963ರಲ್ಲಿ ಹೋಗಿಬಿಟ್ಟರು, ವಯಸ್ಸು ಬರೀ 34. ಅಷ್ಟರೊಳಗೆ ಸುಮಾರು 20 ಕಾದಂಬರಿ. 'ಬೆಳ್ಳಿಮೋಡ' ತೆರೆಗೆ ಬಂದದ್ದು 1967ರಲ್ಲಿ, 'ಶರಪಂಜರ' 1971ರಲ್ಲಿ. ಥಿಯೇಟರಿನ ಮುಂದೆ ನಿಂತ ಆ ಕ್ಯೂ ಆಯಮ್ಮ ನೋಡಲೇ ಇಲ್ಲ. ಹುಡುಗ ಸುಮ್ಮನಾದ. ಟೀ ಆರಿಹೋಯ್ತು.

ಎರಡನೆಯವನು ಡಿಗ್ರಿ ಓದಿದವನು, ಅವನದು ಬೇರೆ ತರಹ. ದಿನಕ್ಕೊಂದು ಸಿನಿಮಾ ನೋಡ್ತಾನೆ. ಕೇಳಿದರೆ ಅನಂತಮೂರ್ತಿಯವರ ಸಾಕ್ಷಿ ತರ್ತಾನೆ! ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದ್ತಿದ್ದಾಗ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ನೋಡಿದರು, ಅದರ ಗುಂಗಿನಲ್ಲೇ 'ಸಂಸ್ಕಾರ' ಹುಟ್ಟಿತು. ಇದು ನಿಜವೇ. ಅವರೇ ಹೇಳಿಕೊಂಡದ್ದು. ಕಾದಂಬರಿ 1965ರಲ್ಲಿ ಬಂತು, 1970ರಲ್ಲಿ ಸಿನಿಮಾ ಆಗಿ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂತು. ಆದರೆ ಅವರು ಪಿಚ್ಚರ್ ನೋಡಿ ರೂಮಿಗೆ ಹೋಗಿ ಬರೆದರು ಮಾರಾಯ, ನೀನು ಪಿಚ್ಚರ್ ನೋಡಿ ಸೆಕೆಂಡ್ ಷೋಗೆ ಹೋಗ್ತೀಯಲ್ಲ ಅಂದೆ. ನಕ್ಕುಬಿಟ್ಟ.

ಲೆಕ್ಕದಲ್ಲೂ ಅವನು ಚಾಲಾಕಿ. "ಅಣ್ಣ, 50,000 ಇಂಗ್ಲಿಷಿನವರ ಅಳತೆ. ನಮಗೆ ಅಷ್ಟು ಬೇಡ" ಅಂದ. ಹೇಗಪ್ಪಾ ಅಂದರೆ ಕರಪತ್ರದ ಹಿಂದೆ ಬರೆದು ತೋರಿಸಿದ. 'ಹೋಗಬೇಕೆಂದುಕೊಂಡಿದ್ದೆ'. ಕನ್ನಡದಲ್ಲಿ ಒಂದೇ ಪದ. ಇದನ್ನೇ ಇಂಗ್ಲಿಷಿನಲ್ಲಿ ಹೇಳೋಕೆ ಏಳು ಪದ ಬೇಕು. ಅಲ್ಲಿಯವನು ಏಳು ಹೆಜ್ಜೆ ಇಟ್ಟರೆ ನಮ್ಮವನು ಒಂದು ನೆಗೆತಕ್ಕೆ ಮುಟ್ಟಿದ. ಹಾಗಾಗಿ ಕನ್ನಡದ 50,000 ಪದ ಅಂದರೆ ದಪ್ಪ ಕಾದಂಬರಿಯೇ. ಮಾತು ಸರಿ ಇದೆ, ಒಪ್ಪಿದೆ. ಆದರೆ ಅಂಗಡಿ ತೆರೆಯೋಕೆ ಮುಂಚೆಯೇ ರಿಯಾಯಿತಿ ಕೇಳೋ ಗಿರಾಕಿಯನ್ನ ಏನಂತ ಕರೀಬೇಕು, ನೀವೇ ಹೇಳಿ.

ಇವನ ಕಥೆಗೆ ಇನ್ನೊಂದು ರೋಗ ತಗುಲಿದೆ. ಕೌದಳ್ಳಿ ಬಸ್ಸಿನಲ್ಲಿ ಪಕ್ಕ ಕೂತವನಿಗೆಲ್ಲ ಹೇಳಿ ಹೇಳಿ, ಕಟಿಂಗ್ ಷಾಪಿನಲ್ಲೂ ಹೇಳಿ, ಈಗ ಅವನಿಗೇ ಬೇಜಾರು ಬಂದಿದೆ. ಹೋದ ವಾರ ಕ್ಲೈಮ್ಯಾಕ್ಸ್ ಹೇಳುವಾಗ ಕಣ್ಣಲ್ಲಿ ನೀರಿತ್ತು. ನಿನ್ನೆ ಹೇಳುವಾಗ ಆಕಳಿಸಿದ! ಬರೆಯೋ ಕಥೆಯನ್ನ ಮುಂಚೆಯೇ ಬಾಯಲ್ಲಿ ಖರ್ಚು ಮಾಡಿದರೆ ಖಾಲಿ ಆಗುತ್ತೆ ಕಣ್ರೋ ಅಂತ ಮೂವರಿಗೂ ಹೇಳಿದೆ.

ಮೂರನೆಯವನು ಮಾತಾಡೋದು ಕಮ್ಮಿ. ಡಿಸೆಂಬರಿನಲ್ಲಿ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಗೆ ಹೋಗ್ತಾನೆ, ಮಾವ ಕೆಲಸ ಗೊತ್ತು ಮಾಡಿದ್ದಾರೆ. "ಅಣ್ಣ, ನಂಗಿರೋದು ಒಂದೇ ತಿಂಗ್ಳು. ಅಲ್ಲಿಗೆ ಹೋದ್ಮೇಲೆ ಎಲ್ ಬರಿಯದು? ಈಗ್ಲೇ ಶುರು ಮಾಡ್ಬುಡ್ಲಾ?" ಅಂದ. ಕೈಯಲ್ಲಿ ಇನ್ನೂರು ಪುಟದ ನೋಟ್ ಬುಕ್ಕು, ಇನ್ನೂ ಗೋಂದಿನ ವಾಸನೆ ಹೊಡೀತಿತ್ತು.

ಆ ವಾಸನೆ ನನಗೆ ಗೊತ್ತು. ಅದಕ್ಕೇ ಈ ವಾರ ಇದನ್ನ ಬರೀತಿರೋದು.

2000ನೇ ಇಸವಿ. ಜುಲೈ 30ರ ರಾತ್ರಿ ಗಾಜನೂರಿನಿಂದ ಅಣ್ಣಾವ್ರನ್ನ ವೀರಪ್ಪನ್ ಕಾಡಿಗೆ ಕರಕೊಂಡು ಹೋದ. 108 ದಿನ! ಕಾಡಿನ ಅಂಚಿನ ಊರು ನಮ್ಮದು, ಕಾಯೋದು ಅಂದರೆ ಏನು ಅಂತ ಆಗ ನೋಡಿದೆವು. ಬಸ್ಸಿಂದ ಇಳಿದವನನ್ನೆಲ್ಲ ಹಿಡಿದು "ಬುಟ್ರಂತಾ? ಏನಾದ್ರೂ ಸುದ್ದಿ ಬಂತಾ?" ಅನ್ನೋದು. ರೇಡಿಯೋ ಹತ್ತಿರ ಕೂತವನು ಏಳ್ತಿರಲಿಲ್ಲ. ಆ ದಿನಗಳಲ್ಲೇ ನಾನೂ ಒಂದು ನೋಟ್ ಬುಕ್ ತಂದೆ. ನಮ್ಮ ತಾತನ ಕಥೆ ಬರೀಬೇಕು ಅಂತ. ಕೊಯಮತ್ತೂರು ಜಿಲ್ಲೆಯಲ್ಲಿ ಮಲಗಿ ಮೈಸೂರು ಜಿಲ್ಲೆಯಲ್ಲಿ ಎದ್ದ ಮನುಷ್ಯ. ಆ ಬೆಳಿಗ್ಗೆ ಊರಲ್ಲಿ ಏನಾಯ್ತು, ಯಾರು ಅತ್ತರು, ಯಾರು ನಕ್ಕರು, ಸಂತೆಯಲ್ಲಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದರು... ಎಲ್ಲ ಬಲ್ಲವರು ಜಗುಲಿ ಮೇಲೇ ಕೂತಿದ್ದರು. ನಾನು ಏನಂದುಕೊಂಡೆ ಗೊತ್ತಾ? ಅಣ್ಣಾವ್ರು ಬಿಡುಗಡೆ ಆಗಲಿ, ಆಮೇಲೆ ಶುರು ಮಾಡೋಣ.

ನವೆಂಬರ್ 15ಕ್ಕೆ ಅಣ್ಣಾವ್ರು ಬಂದರು. ಊರೆಲ್ಲ ಪಟಾಕಿ. (ಅಮೆರಿಕದವರು ತಮ್ಮ ಮೊದಲ ನವೆಂಬರ್ ಪಂದ್ಯದಲ್ಲಿ ಅವತ್ತಿಗೆ ಸರಿಯಾಗಿ ಅರ್ಧ ದಾರಿ ಬಂದಿರಬೇಕು. ನಮಗೇನು ಗೊತ್ತು!) ಆಮೇಲೆ ರಾಗಿ ಕುಯ್ಲು ಮುಗೀಲಿ ಅಂದೆ. ಆಮೇಲೆ ತಂಗಿ ಮದುವೆ ಆಗಲಿ ಅಂದೆ. ಎರಡು ವರ್ಷಕ್ಕೆ ತಾತ ಹೋದರು. ಆ ನೋಟ್ ಬುಕ್ ಈಗಲೂ ಪೆಟ್ಟಿಗೆಯಲ್ಲಿದೆ. ಮೊದಲ ಪುಟದಲ್ಲಿ ನನ್ನ ಕೈಬರಹದ ಒಂದೇ ಸಾಲು: 'ತಾತನ್ನ ಕೇಳಬೇಕು.'

ಇದನ್ನ ಹುಡುಗನಿಗೆ ಹೇಳಿದೆ. "ಬರೀಬೇಡ. ತಾರೀಕು ಅಂದ್ರೆ ತಾರೀಕು. ಆದ್ರೆ ಒಂಬತ್ತು ದಿನ ಬೆಂಚು ಸವೆಸಬೇಡ. ನಿನ್ನ ಕಥೇಲಿ ಯಾರಿದ್ದಾರೆ?" ಅಂತ ಕೇಳಿದೆ.

ಬಹಳ ಹೊತ್ತು ಬಿಟ್ಟು, "ನಮ್ಮಪ್ಪ" ಅಂದ.

"ಕೇಳಿದ್ದೀಯಾ ಅವರನ್ನ?"

"ಅವ್ರು ಮಾತಾಡಲ್ಲ ಅಣ್ಣ."

ಮಾತಾಡದ ಅಪ್ಪಂದಿರು ಮಾತಾಡೋ ಜಾಗ ಒಂದಿದೆ, ನಮ್ಮ ಕಡೆಯವರಿಗೆ ಗೊತ್ತು. ತೆನೆ ಕಟ್ಟೋ ಕಾಲಕ್ಕೆ ಆನೆ, ಹಂದಿ ಹೊಲಕ್ಕೆ ಬೀಳ್ತವೆ. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಕಾವಲು ಕಾಯಬೇಕು. ಒಂದು ಟಾರ್ಚು, ಒಂದು ತಮಟೆ, ಒಂದು ಕಂಬಳಿ. ಮುಖ ಕಾಣಲ್ಲ, ನಿದ್ದೆ ಮಾಡೋ ಹಾಗಿಲ್ಲ. ಅಂಥ ಕಡೆ ಎಷ್ಟು ಹೊತ್ತು ಅಂತ ಸುಮ್ಮನಿರ್ತಾನೆ ಮನುಷ್ಯ? ಇಷ್ಟು ದಿನ ಅಪ್ಪ ಒಬ್ಬರೇ ಹೋಗ್ತಿದ್ದರಂತೆ. ಈ ಮಗರಾಯ ಮನೇಲಿ ಮೊಬೈಲ್ ನೋಡ್ತಿದ್ದನಂತೆ. ಇವತ್ತು ನೀನೂ ಹತ್ತು ಅಂದೆ.

ಬೆಳಿಗ್ಗೆ ಬಂದ. ಕಣ್ಣು ಕೆಂಡದ ಹಾಗಾಗಿತ್ತು, ಅಂಗಿ ತುಂಬ ಹೊಗೆ ವಾಸನೆ. ಬೆಂಚಿನ ತುದಿಗೆ ಕೂತು ಎರಡು ಟೀ ಒಂದೇ ಸಲ ಹೇಳಿದ, ಎರಡೂ ಅವನಿಗೇ. ಉಳಿದಿಬ್ಬರು ಆಗಲೇ ಹೀರೋಯಿನ್ ಯಾರು ಅಂತ ಜಗಳಕ್ಕೆ ಬಿದ್ದಿದ್ದರು.

"ಮಾತಾಡಿದ್ರಾ?" ಅಂದೆ.

"ಹೂಂ."

"ಏನಂದ್ರು?"

ನನ್ನ ಮುಖ ನೋಡಿದ. "ಹೇಳಲ್ಲ ಅಣ್ಣ. ಹೇಳಿದ್ರೆ ಖಾಲಿ ಆಗುತ್ತೆ ಅಂತ ನೀನೇ ಅಲ್ವಾ ಹೇಳಿದ್ದು!"

ಅಷ್ಟರಲ್ಲಿ ಬಸ್ಸು ಬಂತು. ನಾಳೆ ರಾತ್ರಿಯೂ ಕಾವಲು ಇದೆಯಂತೆ. ಇನ್ನು ಎಂಟು ದಿನ.